ಸೈರನ್ ಬಂತು, ಓಟಿ ಎಲ್ಲಿ?

ಶಿವಮೊಗ್ಗದ ಸೀಗೆಹಟ್ಟಿಯ ಒಂದು ಓಣಿಯಲ್ಲಿ ‘ಕಾರ್ಪೊರೇಟರ್’ ಬರುವ ಹೊತ್ತಿಗೆ ಹೆಂಗಸರು ಹೂವಿನ ಕುಂಡಗಳನ್ನು ಜಗಲಿಯ ಮೇಲಕ್ಕೆತ್ತಿಡುತ್ತಾರೆ. ಒಣಗಲು ಹಾಕಿದ ಸಂಡಿಗೆಗೆ ಮೊಮ್ಮಗುವನ್ನು ಕಾವಲು ಕೂರಿಸುತ್ತಾರೆ. ಕಪ್ಪು ಮೈ, ಬಿಳಿ ಗಡ್ಡ, ಅರ್ಧಕ್ಕೆ ಹರಿದ ಎಡಗಿವಿಯ ಹೋತ ಅದು. ಓಣಿಯ ಆ ತುದಿಯಿಂದ ಹೊರಟು, ಒಂದೊಂದು ಮನೆಯ ಮುಂದೂ ನಿಂತು, ಒಳಗೆ ಇಣುಕಿ, ಸಿಕ್ಕಿದ್ದನ್ನು ತಿಂದು ಮುಂದಿನ ಮನೆಗೆ ಹೋಗುತ್ತದೆ.

“ಈ ಹೆಸರು ಇಟ್ಟಿದ್ದು ಯಾರಮ್ಮ?”

“ಯಾರೂ ಇಟ್ಟಿಲ್ಲ ಸಾರ್, ತಾನಾಗೇ ಬಂತು. ಎಲ್ಲರ ಮನೆಗೂ ಬರ್ತಾನೆ, ಎಲ್ಲರ ಹತ್ರನೂ ತಿಂತಾನೆ, ಕೊಡೋದು ಏನೂ ಇಲ್ಲ. ಇನ್ನೇನಂತ ಕರೆಯೋಣ?”

35 ವಾರ್ಡುಗಳ ಈ ಮಹಾನಗರ ಪಾಲಿಕೆಯಲ್ಲಿ ಗಡಿ ನೋಡದೆ ಪಕ್ಕದ ವಾರ್ಡಿಗೂ ಹೋಗಿ ವಿಚಾರಿಸಿಕೊಂಡು ಬರುವವನು ಇವನೊಬ್ಬನೇ ಎಂದು ಎದುರಿನ ಅಂಗಡಿಯವರು ಸೇರಿಸಿದರು.

ಆಡು ಕುರಿಗೆ ಏನಂತ ಹೆಸರಿಟ್ಟಿದ್ದೀರಿ ಎಂದು ಕೇಳುತ್ತಾ ಬೀದಿ ಸುತ್ತುವವನನ್ನು ಜನ ಮೊದಲು ಅನುಮಾನದಿಂದಲೇ ನೋಡುತ್ತಾರೆ. “ಗಣತಿಯವರಾ?” ಎಂಬುದು ಸಾಮಾನ್ಯ ಪ್ರಶ್ನೆ. ಅದೂ ಸರಿಯೇ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳನ್ನು ಎಣಿಸಿದಾಗ 1 ಕೋಟಿ 10 ಲಕ್ಷ ದಾಟಿದವು, ಆಡುಗಳು 61 ಲಕ್ಷ ದಾಟಿದವು. ಎಣಿಸಲು ಬರುವವರು ಎಷ್ಟು ಎಂದು ಕೇಳುತ್ತಾರೆಯೇ ಹೊರತು ಯಾರು ಎಂದು ಕೇಳುವುದಿಲ್ಲ. ನಾನು ಗಣತಿಯವನಲ್ಲ, ಪಾಲಿಕೆಯವನೂ ಅಲ್ಲ, ದನ ಹಿಡಿಯುವ ಗಾಡಿ ಹಿಂದೆ ಬರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಮಾತು ಹೊರಡುತ್ತದೆ. ಹೊರಟರೆ ನಿಲ್ಲುವುದಿಲ್ಲ.

ಸೀಗೆಹಟ್ಟಿಯಿಂದ ಗಾಂಧಿ ಬಜಾರಿಗೆ, ಅಲ್ಲಿಂದ ಕೋಟೆ ರಸ್ತೆ ಹಿಡಿದು ಕೋರ್ಪಲಯ್ಯನ ಛತ್ರದ ಬಳಿ ತುಂಗೆಗೆ ಇಳಿದರೆ ಹಳೆಯ ಶಿವಮೊಗ್ಗದ ಆಡುಗಳ ದಿನಚರಿ ಪೂರ್ತಿ ಸಿಗುತ್ತದೆ. ಬೆಳಗ್ಗೆ ತರಕಾರಿ ಅಂಗಡಿಗಳ ಮುಂದೆ ಹೂಕೋಸಿನ ಎಲೆ, ಮಧ್ಯಾಹ್ನ ಹೊಳೆ ದಂಡೆಯ ಪೊದೆ, ಸಂಜೆ ಮನೆಯಲ್ಲಿ ಕಟ್ಟಿದ ಹಲಸಿನ ಸೊಪ್ಪು. ಹಿಂಡು ಎಂದರೆ ನಾಲ್ಕೈದು ತಲೆ, ಅಷ್ಟೆ. ಬೀದಿಯಲ್ಲಿ ಇನ್ನೊಬ್ಬರ ಆಡುಗಳೊಂದಿಗೆ ಬೆರೆತುಹೋಗುವ ಇವನ್ನು ಸಂಜೆ ಕೂಗಿ ಕರೆಯಬೇಕು. ಪೇಟೆಯಲ್ಲಿ ಹೆಸರಿನ ಅಗತ್ಯ ಹುಟ್ಟುವುದೇ ಇಲ್ಲಿ. ಸಾಕುವವರೆಲ್ಲ ಹೇಳುವ ಲಕ್ಷಣ ಒಂದೇ: ಹೆಸರು ಎರಡು ಗುಕ್ಕಿನಲ್ಲಿ ಮುಗಿಯಬೇಕು, ಕೊನೆಯ ಅಕ್ಷರವನ್ನು ಎಳೆದು ಕೂಗುವಂತಿರಬೇಕು. ‘ಬೆಳ್ಳೀ’, ‘ಚುಕ್ಕೀ’, ‘ಕಾಲೂ’, ‘ಮೋತೀ’. ಮೇಷ್ಟ್ರೊಬ್ಬರ ಮಗಳು ತನ್ನ ಮರಿಗೆ ‘ಐಶ್ವರ್ಯಲಕ್ಷ್ಮಿ’ ಎಂದಿಟ್ಟಿದ್ದಳಂತೆ. ವಾರದೊಳಗೆ ಅದು ‘ಐಶೂ’ ಆಯಿತು. ಬಾಯಿಗೆ ಒಗ್ಗದ ಹೆಸರನ್ನು ಬೀದಿ ಒಂದು ವಾರಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ.

ಈ ಊರಿನ ಜಾಣತನ ಪೂರ್ತಿ ಬಿಚ್ಚಿಕೊಂಡಿದ್ದು ಅಡಿಕೆ ಮಂಡಿಯ ಹಮಾಲರೊಬ್ಬರ ಮನೆಯಲ್ಲಿ. ಅವರ ಹಿತ್ತಿಲಲ್ಲಿ ನಾಲ್ಕು ಆಡುಗಳಿದ್ದವು. ಹೆಸರು: ಸರಕು, ಬೆಟ್ಟೆ, ರಾಶಿ, ಗೊರಬಲು. ಶಿವಮೊಗ್ಗದ ಮಾರುಕಟ್ಟೆಯಲ್ಲಿ ಅಡಿಕೆಯನ್ನು ವಿಂಗಡಿಸುವ ಹೆಸರುಗಳಿವು. ಎಲ್ಲಕ್ಕಿಂತ ಹೆಚ್ಚು ಬೆಲೆ ಸರಕಿಗೆ, ಕೊನೆಯ ಬೆಲೆ ಗೊರಬಲಿಗೆ. ಆಡುಗಳಿಗೂ ಅದೇ ಕ್ರಮ. ದುಂಡಗೆ ಮೈತುಂಬಿ, ಮಿರಮಿರ ಮಿನುಗುವುದು ಸರಕು. ಹುಟ್ಟುವಾಗಲೇ ಬಡಕಲಾಗಿ, ಈಗಲೂ ಪಕ್ಕೆಲುಬು ಎಣಿಸಿಕೊಡುವುದು ಗೊರಬಲು.

“ದಿನಾ ಸಂಜೆ ರೇಟು ಕೇಳ್ತಾರೆ ನಮ್ಮೋರು. ಇವತ್ತು ಸರಕು ಎಷ್ಟು ಅಂತ. ಅರ್ಧ ಲೀಟರ್ ಅಂತೀನಿ” ಎಂದು ಅವರ ಹೆಂಡತಿ ನಕ್ಕರು. “ಗೊರಬಲು ಬಗ್ಗೆ ಯಾರೂ ಕೇಳಲ್ಲ. ಪಾಪ, ಅದಕ್ಕೇ ಅದರ ಮೇಲೆ ನಂಗೆ ಸ್ವಲ್ಪ ಜಾಸ್ತಿ.”

ಇದಕ್ಕಿಂತ ಹದವಾದ ಹೆಸರಿನ ಕಟ್ಟು ನನಗೆ ಶಿವಮೊಗ್ಗದಲ್ಲಿ ಬೇರೆ ಸಿಗಲಿಲ್ಲ. ಎಲ್ಲ ಊರಿನಲ್ಲೂ ಈ ತಮಾಷೆ ನಡೆಯುವುದಿಲ್ಲ. ತೀರ್ಥಹಳ್ಳಿ, ಸಾಗರ, ಶಿರಸಿಯಲ್ಲಿ ನಡೆಯಬಹುದು, ಮಂಡ್ಯದಲ್ಲಿ ಹೇಳಿದರೆ ವಿವರಣೆ ಕೇಳುತ್ತಾರೆ. ವಿವರಣೆ ಕೇಳಿದ ಮೇಲೆ ತಮಾಷೆ ಎಲ್ಲಿ ಉಳಿಯಿತು?

ಎಲ್ಲ ಪ್ರಾಣಿಗೂ ಹೆಸರು ಸಿಗುವುದಿಲ್ಲ. ಕೋಟೆ ಮಾರಿಕಾಂಬ ಜಾತ್ರೆ ಈ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ. 2022ರಲ್ಲಿ ನಡೆಯಿತು, 2024ರಲ್ಲಿ ನಡೆಯಿತು. ಜಾತ್ರೆಯ ವರ್ಷ ಮನೆಮನೆಯಲ್ಲೂ ನೆಂಟರು, ಮನೆಮನೆಯಲ್ಲೂ ಬಾಡೂಟ. ಪೂಜಾಸ್ಥಳದ ಆವರಣದಲ್ಲಿ ಪ್ರಾಣಿಬಲಿಯನ್ನು 1959ರಲ್ಲೇ ಕಾನೂನು ನಿಷೇಧಿಸಿದೆ. ಮನೆಯ ಅಡಿಗೆಯ ಮಾತು ಬೇರೆ. ಆ ಊಟಕ್ಕೆಂದು ವರ್ಷದ ಮುಂಚೆಯೇ ತಂದು ಕಟ್ಟಿದ ಮರಿಗೆ ‘ಹಬ್ಬದ ಮರಿ’ ಎಂಬುದೇ ಗುರುತು. ಅದರಾಚೆಗೆ ಏನೂ ಕರೆಯಬಾರದು ಎಂದು ಹಿರಿಯರು ಮಕ್ಕಳಿಗೆ ಗದರುತ್ತಾರೆ. ಟ್ಯಾಂಕ್ ಮೊಹಲ್ಲಾದಲ್ಲಿ ಬಕ್ರೀದಿಗೆಂದು ಸಾಕಿದ ಹೋತದ ವಿಷಯದಲ್ಲೂ ಅಜ್ಜನೊಬ್ಬರು ಅದೇ ಮಾತು ಹೇಳಿದರು. ಹೆಸರಿಟ್ಟರೆ ಹುಡುಗರು ಹಬ್ಬದ ದಿನ ಊಟಕ್ಕೆ ಕೂರುವುದಿಲ್ಲ. ಅವರ ಮೊಮ್ಮಗ ಅಜ್ಜನ ಬೆನ್ನ ಹಿಂದೆ ನಿಂತು ನನಗೆ ಸನ್ನೆ ಮಾಡಿ, ಸದ್ದಿಲ್ಲದೆ ತುಟಿ ಆಡಿಸಿ, ಹೋತದ ಹೆಸರು ‘ಶೇರೂ’ ಎಂದು ಹೇಳಿದ.

ಇಲ್ಲಿಂದ ಮುಂದೆ ನನಗೆ ಒಂದು ಸಂಗತಿ ಎದ್ದು ಕಾಣತೊಡಗಿತು. ಉಳಿಯುವ ಪ್ರಾಣಿಗೆ ಮುದ್ದಿನ ಹೆಸರು. ಹೋಗುವ ಪ್ರಾಣಿಗೆ ಹೆಸರೇ ಇಲ್ಲ. ಉಳಿಯುತ್ತದೋ ಹೋಗುತ್ತದೋ ಇನ್ನೂ ತೀರ್ಮಾನವಾಗದ ಪ್ರಾಣಿಗೆ ಮಾತ್ರ ತಮಾಷೆಯ ಹೆಸರು. ‘ಗೌರಿ’ಯನ್ನು ಮಾರಿದೆವು ಎನ್ನಲು ನಾಲಿಗೆ ಏಳುವುದಿಲ್ಲ, ‘ಗೊರಬಲು’ ಮಾರಿದೆವು ಎಂದರೆ ಮಂಡಿಯ ಮಾತಾಗಿ ಹೋಗುತ್ತದೆ. ಆಡು ಸಾಕುವ ಬಡ ಮನೆಗೆ ಅದು ಹಾಲೂ ಹೌದು, ಮಗಳೂ ಹೌದು, ಆಸ್ಪತ್ರೆ ಖರ್ಚು ಬಂದರೆ ದುಡ್ಡೂ ಹೌದು. ಮೂರಕ್ಕೂ ಹೊಂದುವ ಹೆಸರು ಹುಡುಕಿದಾಗ ನಗೆ ತಾನಾಗಿ ಬರುತ್ತದೆ.

ಆನೆಗೆ ಈ ಇಕ್ಕಟ್ಟಿಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್ ಹೋದರೆ ಗಾಜನೂರು ಅಣೆಕಟ್ಟೆಯ ಹಿನ್ನೀರಿನ ಅಂಚಿಗೆ ಸಕ್ರೆಬೈಲು ಆನೆ ಬಿಡಾರ. ಅಲ್ಲಿ ಸಾಗರ್ ಇದ್ದಾನೆ, ಶಿವಮೊಗ್ಗ ದಸರಾದಲ್ಲಿ ಅಂಬಾರಿ ಹೊತ್ತವನು. ನೇತ್ರಾವತಿಯ ಹೆಸರು ಕೇಳದವರಿಲ್ಲ. 2023ರ ದಸರಾಕ್ಕೆಂದು ನಗರಕ್ಕೆ ಬಂದವಳು ಮೆರವಣಿಗೆಯ ಹಿಂದಿನ ರಾತ್ರಿ ಮರಿ ಹಾಕಿ ಅಧಿಕಾರಿಗಳ ಲೆಕ್ಕವನ್ನೆಲ್ಲ ಬುಡಮೇಲು ಮಾಡಿದಳು. 2021ರ ನವೆಂಬರಿನಲ್ಲಿ, ಪುನೀತ್ ರಾಜ್‌ಕುಮಾರ್ ತೀರಿಕೊಂಡ ಕೆಲವೇ ದಿನಗಳಲ್ಲಿ, ಬಿಡಾರದ ಮರಿಯಾನೆಯೊಂದಕ್ಕೆ ಅವರ ಹೆಸರನ್ನೇ ಇಟ್ಟರು. ಜನ ಕಣ್ಣೀರು ಒರೆಸಿಕೊಂಡು ಅದನ್ನು ನೋಡಲು ಹೋದರು. ಅದೇ ಹೆಸರನ್ನು ಒಂದು ಹೋತಕ್ಕೆ ಇಟ್ಟು ಗಾಂಧಿ ಬಜಾರಿನಲ್ಲಿ ಕೂಗಿ ಕರೆದು ನೋಡಿ! ಆನೆಯನ್ನು ಯಾರೂ ತೂಕ ಹಾಕಿ ಮಾರುವುದಿಲ್ಲ. ದೊಡ್ಡವರ ಹೆಸರು ಬೇಕಿದ್ದರೆ ಪ್ರಾಣಿಗೂ ಅದರ ಆಯುಷ್ಯಕ್ಕೂ ಒಂದು ಭದ್ರತೆ ಇರಬೇಕು.

ಇದಕ್ಕೆ ಅಪವಾದ ಹೋರಿ ಮತ್ತು ಟಗರು. ಶಿಕಾರಿಪುರ, ಸೊರಬದ ಕಡೆ ದೀಪಾವಳಿ ಕಳೆದ ಮೇಲೆ ನಡೆಯುವ ಹೋರಿ ಹಬ್ಬದಲ್ಲಿ ಕೊಬ್ಬರಿ, ಬಲೂನು ಕಟ್ಟಿಕೊಂಡು ಓಡುವ ಹೋರಿಗಳಿಗೆ ಬಿರುದುಬಾವಲಿಗಳಿರುತ್ತವೆ. ಡಾನ್, ಹುಲಿ, ರಾಜ, ಅದರ ಹಿಂದೆ ಊರಿನ ಹೆಸರು. ಬ್ಯಾನರು, ಟೀ ಶರ್ಟು ಸಮೇತ ಅಭಿಮಾನಿ ಬಳಗ. ಕಾಳಗದ ಟಗರುಗಳದ್ದೂ ಅದೇ ಧಾಟಿ. 2018ರಲ್ಲಿ ಸೂರಿ ನಿರ್ದೇಶನದ ‘ಟಗರು’ ಬಂದ ಮೇಲೆ ಸಿನಿಮಾದ ‘ಡಾಲಿ’, ‘ಚಿಟ್ಟೆ’ ಎಂಬ ಖಳರ ಹೆಸರುಗಳೇ ಬಾಯಿಂದ ಬಾಯಿಗೆ ಹರಿದಾಡಿದವು. ಟಗರುಗಳನ್ನು ಕಾಳಗಕ್ಕೆ ಬಿಡುವಾಗ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು, ಎಂಟು ಎಂದು ವಿಂಗಡಿಸುತ್ತಾರೆ. ಹಲ್ಲು ಎಣಿಸುವಾಗ ಮಾತ್ರ ಆ ಬಿರುದಾಂಕಿತರು ಬಾಯಿ ಬಿಟ್ಟು ನಿಂತುಕೊಳ್ಳುವುದು ನೋಡಬೇಕು. ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಹೆಸರಿಟ್ಟು, ಮೈ ತೊಳೆದು, ಮೊಟ್ಟೆ ಹಾಲು ಕುಡಿಸಿ ಬೆಳೆಸಿದ ಜೀವದ ನೆತ್ತಿ ಒಡೆಯುವುದನ್ನು ನಿಂತು ನೋಡುವ ಉತ್ಸಾಹ ನನಗಂತೂ ಇಲ್ಲ. ಹೆಸರುಗಳೂ ಅಷ್ಟಕ್ಕಷ್ಟೆ, ಎಲ್ಲ ಒಂದೇ ಅಬ್ಬರ.

ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ದಾರಿಯಲ್ಲಿ ಸಿಕ್ಕ ಹೆಂಗಸೊಬ್ಬರ ಕೈಯಲ್ಲಿ ಹೊಟ್ಟೆ ಉಬ್ಬರಿಸಿದ ಆಡು ಇತ್ತು. ಕಿವಿಯಲ್ಲಿ ಹಳದಿ ಬಿಲ್ಲೆ. ಕಾಲುಬಾಯಿ ಜ್ವರಕ್ಕೆ, ಹಿರೇಬೇನೆಗೆ ಲಸಿಕೆ ಹಾಕಿದ ಲೆಕ್ಕ ಇಡಲು ಸರ್ಕಾರ ಕೊಡುವ ಕಿವಿಯೋಲೆ ಅದು. ಮೇಲೆ 12 ಅಂಕಿಗಳು. ನಮ್ಮ ಆಧಾರಿಗೂ ಅಷ್ಟೇ ಅಂಕಿ. “ನಂಬರು ಅವರಿಗೆ, ಹೆಸರು ನಮಗೆ” ಎಂದರು ಆಕೆ. ಹೆಸರೇನು ಎಂದರೆ ‘ಮಂಡಕ್ಕಿ’. ಹುಟ್ಟಿದಾಗ ಕರಿ ಮೈ ಮೇಲೆ ಬಿಳಿ ಕಾಳು ಚೆಲ್ಲಿದಂತಿತ್ತಂತೆ. ಇಂದು ಅದರ ಹೊಟ್ಟೆ ಉಬ್ಬಿದ್ದಕ್ಕೆ ಕಾರಣವೂ ಪಕ್ಕದ ಮನೆಯ ಮಂಡಕ್ಕಿ ಚೀಲ.

ಸಂಖ್ಯೆ ಮತ್ತು ಹೆಸರಿನ ಈ ಜೋಡಿ ಜಗತ್ತಿನ ಅತಿ ಪ್ರಸಿದ್ಧ ಕುರಿಗೂ ಇತ್ತು. 1996ರಲ್ಲಿ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ತದ್ರೂಪಿಯಾಗಿ ಹುಟ್ಟಿದ ಆ ಕುರಿಮರಿಯ ಕಡತದ ಗುರುತು 6ಎಲ್‌ಎಲ್‌3. ಅದನ್ನು ಸೃಷ್ಟಿಸಲು ಬಳಸಿದ ಜೀವಕೋಶ ಕೆಚ್ಚಲಿನದು ಎಂಬ ಕಾರಣಕ್ಕೆ, ಗಾಯಕಿ ಡಾಲಿ ಪಾರ್ಟನ್ ಅವರನ್ನು ನೆನೆದು, ವಿಜ್ಞಾನಿಗಳು ‘ಡಾಲಿ’ ಎಂದಿಟ್ಟರು. ಪ್ರಯೋಗಾಲಯದ ಪೋಲಿ ತಮಾಷೆ ವಿಜ್ಞಾನದ ಚರಿತ್ರೆಗೆ ಸೇರಿಹೋಯಿತು. 6ಎಲ್‌ಎಲ್‌3 ಎಂದೇ ಇದ್ದಿದ್ದರೆ ಸೀಗೆಹಟ್ಟಿಯ ಹುಡುಗರಿಗೆ ಅದರ ಸುದ್ದಿ ಮುಟ್ಟುತ್ತಿರಲಿಲ್ಲ.

ಶಿವಮೊಗ್ಗ ಬಿಟ್ಟು ಬಿ.ಎಚ್. ರಸ್ತೆಯಲ್ಲಿ ಭದ್ರಾವತಿಯ ಕಡೆ ಹೊರಟರೆ ನಿದಿಗೆ, ಮಾಚೇನಹಳ್ಳಿ. ಹಾಲಿನ ಡೈರಿ, ಕಾರ್ಖಾನೆಯ ಶೆಡ್ಡುಗಳ ನಡುವೆ ಗದ್ದೆ, ತೋಟ. ಭತ್ತ ಕೊಯ್ದ ಗದ್ದೆಯಲ್ಲಿ ಕುರಿಮಂದೆ ನಿಂತಿತ್ತು. ಚಳ್ಳಕೆರೆ ಕಡೆಯ ಕುರಿಗಾರರು ಬೇಸಾಯ ಮುಗಿದ ಕಾಲಕ್ಕೆ ನೀರಾವರಿ ಸೀಮೆಗೆ ಮಂದೆ ಹೊಡೆದುಕೊಂಡು ಬರುತ್ತಾರೆ. ರಾತ್ರಿ ಮಂದೆ ನಿಲ್ಲಿಸಿದರೆ ಗದ್ದೆಗೆ ಗೊಬ್ಬರ, ಅವರಿಗೆ ಗದ್ದೆಯವರಿಂದ ದುಡ್ಡು ಅಥವಾ ಕಾಳು.

ಹೆಗಲ ಮೇಲೆ ಕಂಬಳಿ, ಕೈಯಲ್ಲಿ ದೋಟಿ ಹಿಡಿದ ಹಿರಿಯರನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

“ಇಷ್ಟಕ್ಕೂ ಹೆಸರಿಟ್ಕೊಂಡು ಕುಂತ್ರೆ ಕುರಿ ಕಾಯೋದು ಯಾವಾಗ ಸ್ವಾಮಿ?”

“ಹಂಗಾದ್ರೆ ಕಳೆದುಹೋದ್ರೆ ಗೊತ್ತಾಗೋದು ಹೆಂಗಜ್ಜ?”

“ಗೊತ್ತಾಗದೇನು! ಅಗೋ ಹಂಡಿ. ಅದರ ಹಿಂದೆ ಬೋಳಿ. ಆ ಕಡೆ ಮೋಟುಗಿವಿ. ಅವಳ ಮಗಳು ಕರಿಮೊಗದೋಳು, ಅದರ ಅಕ್ಕನ್ನ ಹೋದ ವರ್ಷ ಹೊನ್ನಾಳಿ ಹತ್ರ ಲಾರಿ ಹೊಡೀತು.”

ಹೆಸರಿಲ್ಲ ಎಂದವರು ಹತ್ತು ನಿಮಿಷ ಹೆಸರುಗಳನ್ನೇ ಹೇಳಿದರು. ಮೈ ಮೇಲೆ ಎರಡು ಬಣ್ಣವಿದ್ದರೆ ಹಂಡಿ, ಕೊಂಬಿಲ್ಲದಿದ್ದರೆ ಬೋಳಿ. ಅವರ ಲೆಕ್ಕದಲ್ಲಿ ಇವು ಹೆಸರುಗಳಲ್ಲ, ಗುರುತುಗಳು. ಆದರೆ ವಂಶಾವಳಿ ಸಮೇತ ನೆನಪಿರುವ ಗುರುತುಗಳು. ಸಂಜೆ ಗೂಡಿನಿಂದ ಮರಿಗಳನ್ನು ಬಿಟ್ಟು, ಯಾವ ಮರಿ ಯಾವ ತಾಯಿಯದೆಂದು ಕತ್ತಲಲ್ಲೂ ಹೊಂದಿಸಿ ಹಾಲು ಕುಡಿಸುವವರಿಗೆ ಬೇರೆ ಪಟ್ಟಿ ಬೇಕಾಗಿಲ್ಲ. ಕುರಿಯೂ ಕಡಿಮೆಯದಲ್ಲ. ಬೇರೆ 50 ಕುರಿಗಳ ಮುಖವನ್ನು ಒಂದು ಕುರಿ ಎರಡು ವರ್ಷದವರೆಗೆ ನೆನಪಿಟ್ಟುಕೊಳ್ಳಬಲ್ಲದು ಎಂದು ಕೇಂಬ್ರಿಜ್ ಬಳಿಯ ವಿಜ್ಞಾನಿಗಳು 2001ರಲ್ಲಿ ತೋರಿಸಿದ್ದಾರೆ. ‘ಕುರಿ’ ಎಂದು ಬೈಯುವವರು ಇದನ್ನು ಒಮ್ಮೆ ಓದಿಕೊಳ್ಳಬೇಕು.

ಆ ಮಂದೆಯಲ್ಲಿ ನಿಜವಾದ ಹೆಸರು ಇದ್ದದ್ದು ಇಬ್ಬರಿಗೆ. ಮುಂದೆ ನಡೆದು ಕುರಿಗಳಿಗೆ ದಾರಿ ತೋರುವ, ಕೊರಳಿಗೆ ಗಂಟೆ ಕಟ್ಟಿದ ಒಂದು ಹೋತಕ್ಕೆ ‘ಗೌಡ’. ನಾಯಿಗೆ ‘ಹುಲಿಯ’. ನಾಯಿಯ ಹೆಸರು ಕೇಳಿ ನನಗೆ ಖುಷಿಯಾಯಿತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯ ಹಿಂದೆ ಹೊರಡುವ ನಾಯಿಯೂ ಹುಲಿಯನೇ. ಅವರ ಮಗ ತೇಜಸ್ವಿ ತಮ್ಮ ನಾಯಿಗೆ ‘ಕಿವಿ’ ಎಂದಿಟ್ಟವರು. ಹುಲಿಯ ಎಂಬ ಹೆಸರು ನಾಯಿಯನ್ನು ದೊಡ್ಡದು ಮಾಡುತ್ತದೆ, ಕಿವಿ ಎಂಬುದು ಕಣ್ಣಿಗೆ ಕಂಡದ್ದನ್ನಷ್ಟೇ ಹೇಳುತ್ತದೆ. ಹೆಸರಿಡುವ ದಾರಿಗಳು ಹೆಚ್ಚುಕಡಿಮೆ ಈ ಎರಡೇ. ಮೂರನೆಯದು ಭದ್ರಾವತಿಯಲ್ಲಿದೆ.

ಭದ್ರಾವತಿ ಸ್ವತಃ ಹೆಸರು ಬದಲಿಸಿಕೊಂಡ ಊರು. ಮೊದಲು ಬೆಂಕಿಪುರ. ಆಮೇಲೆ ನಿಜಕ್ಕೂ ಬೆಂಕಿ ಬಂತು: ವಿಶ್ವೇಶ್ವರಯ್ಯನವರ ಮುಂದಾಳತ್ವದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಅಷ್ಟು ಹೊತ್ತಿಗೆ ಊರು ಭದ್ರೆಯ ಹೆಸರು ಪಡೆದಿತ್ತು. ಕಾರ್ಖಾನೆಯೂ ಕಾಲಕಾಲಕ್ಕೆ ಫಲಕ ಬದಲಿಸಿ ಈಗ ವಿಐಎಸ್‌ಎಲ್. 1998ರಲ್ಲಿ ಸೈಲ್ ಸಂಸ್ಥೆಯಲ್ಲಿ ವಿಲೀನ. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಎಂಪಿಎಂ ಬಂತು. 1927ರಲ್ಲಿ ಗಾಂಧೀಜಿ ಭದ್ರಾವತಿಗೆ ಬಂದು ಕಬ್ಬಿಣದ ಕಾರ್ಖಾನೆ ನೋಡಿಹೋದರು. ಹಸು ಎಮ್ಮೆಯ ಹಾಲು ಬಿಟ್ಟಿದ್ದ ಅವರು 1919ರಿಂದ ಕುಡಿಯುತ್ತಿದ್ದದ್ದು ಆಡಿನ ಹಾಲು. ಹಾಗಾಗಿ ಕುಲುಮೆಯ ಊರಿಗೂ ಆಡಿಗೂ ನೂರು ವರ್ಷದ ಸಂಬಂಧ ಕಟ್ಟಿದರೆ ತಪ್ಪಿಲ್ಲ ಎಂದು ಹಳೇನಗರದ ನಿವೃತ್ತರೊಬ್ಬರು ವಾದಿಸಿದರು. ನಾನು ತಕರಾರು ತೆಗೆಯಲಿಲ್ಲ.

ಈ ಎರಡು ಕಾರ್ಖಾನೆಗಳು ತಮಿಳು, ತೆಲುಗು, ಮಲಯಾಳ, ಉರ್ದು ಮಾತಾಡುವವರನ್ನೆಲ್ಲ ಕರೆತಂದು ಒಂದೇ ಸಾಲಿನ ಕ್ವಾರ್ಟರ್ಸಿನಲ್ಲಿ ಇಟ್ಟವು. ಆಡಿನ ಹೆಸರಿನಲ್ಲೂ ಅದು ಕಾಣುತ್ತದೆ. ಕರಿ ಆಡು ಒಂದು ಮನೆಯಲ್ಲಿ ಕರಿಯ, ಪಕ್ಕದಲ್ಲಿ ಕರುಪ್ಪಿ, ಅದರ ಪಕ್ಕ ಕಾಲೂ, ಮೂಲೆಮನೆಯಲ್ಲಿ ನಲ್ಲ. ನಾಲ್ವರೂ ಒಟ್ಟಿಗೆ ಮೇಯಲು ಹೋಗುತ್ತಾರೆ. ಸಂಜೆ ಯಾವ ಭಾಷೆಯಲ್ಲಿ ಕೂಗಿದರೂ ನಾಲ್ವರೂ ತಲೆಯೆತ್ತುತ್ತಾರೆ ಎಂದು ಜನ್ನಾಪುರದ ಹುಡುಗಿಯೊಬ್ಬಳು ದೂರಿದಳು.

ಭಾಷೆ ಯಾವುದಾದರೂ ಎಲ್ಲರಿಗೂ ಅರ್ಥವಾಗುವ ಇನ್ನೊಂದು ಭಾಷೆ ಈ ಊರಿಗಿತ್ತು, ಕಾರ್ಖಾನೆಯದು. ಮೂರನೆಯ ದಾರಿ ಎಂದೆನಲ್ಲ, ಅದು ಇದೇ. ನ್ಯೂಟೌನಿನ ಒಂದು ಮನೆಯ ಆಡು ‘ಸೈರನ್’. ಶಿಫ್ಟು ಬದಲಾಗುವ ಹೊತ್ತಿಗೆ ಕಾರ್ಖಾನೆಯ ಸೈರನ್ ಕೂಗಿದರೆ ಜೊತೆಗೆ ತಾನೂ ಕೂಗುತ್ತಿದ್ದದ್ದು ಇದರ ಅಜ್ಜಿ. ಹೆಸರು ವಂಶಪಾರಂಪರ್ಯವಾಗಿ ಬಂದಿದೆ. ಹೊತ್ತು ಮುಳುಗಿದರೂ ಮನೆಗೆ ಬಾರದೆ ಮೇಯುತ್ತಲೇ ಇರುವುದು ‘ಓಟಿ’. ಒಂದೇ ಸೂಲಿನಲ್ಲಿ ಹುಟ್ಟಿದ ಮೂರು ಮರಿಗಳಲ್ಲಿ ಇಬ್ಬರಿಗೆ ‘ಫಸ್ಟ್’, ‘ಸೆಕೆಂಡ್’ ಎಂದು ಶಿಫ್ಟಿನ ಹೆಸರು, ಮೂರನೆಯದನ್ನು ಯಾರೂ ನಿರೀಕ್ಷಿಸಿರಲಿಲ್ಲವಾದ್ದರಿಂದ ಅದು ‘ಬೋನಸ್’. ಎಂತಹ ಬೇಲಿಯನ್ನೂ ದಾಟುವವನು ‘ಗೇಟ್‌ಪಾಸ್’. ಒಂದೇ ಸೂಲಿಗೆ ಹಾಲು ನಿಲ್ಲಿಸಿ ನೆರಳಲ್ಲಿ ಮಲಗಿದವಳು ‘ವಿಆರ್‌ಎಸ್’.

“ಸೈರನ್ ಬಂತು, ಓಟಿ ಎಲ್ಲಿ?” ಎಂದು ಅಜ್ಜಿಯೊಬ್ಬರು ಬೇಲಿಯಾಚೆಯಿಂದ ಕೇಳಿದ್ದನ್ನು ಹೊರಗಿನವರು ಕೇಳಿದರೆ, ಬಾಗಿಲು ಮುಚ್ಚುವ ಮಾತು ಎಷ್ಟೋ ಸಲ ಬಂದು ಹೋದ ಕಾರ್ಖಾನೆ ಪೂರ್ತಿ ಜೋರಿನಿಂದ ನಡೆಯುತ್ತಿದೆ ಎಂದೇ ತಿಳಿದಾರು.

ಅಲ್ಲೊಂದು ಹೋತವೂ ಇತ್ತು, ‘ಫೋರ್‌ಮನ್’. ಬೇರೆಯವರ ಮೇವಿನ ಬುಟ್ಟಿಗೆ ತಲೆ ಹಾಕಿದ್ದಕ್ಕೆ ಮನೆಯ ಯಜಮಾನರು ಅವನಿಗೆ ‘ಹೆಲ್ಪರ್’ ಎಂದು ಹಿಂಬಡ್ತಿ ಕೊಟ್ಟಿದ್ದರು. ಇದನ್ನು ಕೇಳಿ ನಾನು ಅವರಿಗೆ ಬ್ರಿಟಿಷ್ ಸೈನ್ಯದ ವಿಲಿಯಂ ವಿಂಡ್ಸರ್ ಕತೆ ಹೇಳಿದೆ. ರಾಯಲ್ ವೆಲ್ಷ್ ದಳದಲ್ಲಿ ಲ್ಯಾನ್ಸ್ ಕಾರ್ಪೊರಲ್ ದರ್ಜೆಯ ಹೋತ ಅದು. 2006ರ ಜೂನ್‌ನಲ್ಲಿ ಸೈಪ್ರಸ್‌ನಲ್ಲಿ ರಾಣಿಯ ಹುಟ್ಟುಹಬ್ಬದ ಕವಾಯತು ನಡೆಯುವಾಗ ಸಾಲಿನಲ್ಲಿ ನಿಲ್ಲದೆ ಡ್ರಮ್ ಬಾರಿಸುವವನಿಗೆ ಹಾಯಲು ಹೋಯಿತು. ವಿಚಾರಣೆ ನಡೆಸಿ ಅದನ್ನು ಸಾಮಾನ್ಯ ಸಿಪಾಯಿಯ ದರ್ಜೆಗೆ ಇಳಿಸಿದರು. ಮೂರು ತಿಂಗಳು ಒಳ್ಳೆಯ ನಡತೆ ತೋರಿದ ಮೇಲೆ ದರ್ಜೆ ವಾಪಸು. ಯಜಮಾನರು ಗಂಭೀರವಾಗಿ ಕೇಳಿಸಿಕೊಂಡು, “ಯೂನಿಯನ್ ಇರಲಿಲ್ವಾ ಅಲ್ಲಿ?” ಎಂದರು.

ಮನುಷ್ಯರ ಹೆಸರಿಡಬಾರದು ಎಂಬುದಕ್ಕೆ ಹೊಸಮನೆಯ ಕಡೆ ಒಂದು ಕತೆ ಚಾಲ್ತಿಯಲ್ಲಿದೆ. ದುಬೈಯಲ್ಲಿರುವ ಅಣ್ಣನ ನೆನಪಿಗೆಂದು ತಂಗಿ ಮರಿಗೆ ಅವನ ಹೆಸರನ್ನೇ ಇಟ್ಟಳು. ಅದೇ ಹೆಸರಿನವರು ಎದುರುಮನೆಯಲ್ಲೂ ಇದ್ದರು, ವಯಸ್ಸಾದ ಗೌರವಸ್ಥರು. ದಿನವೂ ಸಂಜೆ ಬೀದಿಯಲ್ಲಿ ಅವರ ಹೆಸರು ಹಿಡಿದು “ಚರಂಡಿಗೆ ಬಾಯಿ ಹಾಕ್ಬೇಡ”, “ಆ ಹುಡುಗಿ ದುಪಟ್ಟಾ ಬಿಡು” ಎಂದೆಲ್ಲ ಕೂಗುವುದು ಎಷ್ಟು ದಿನ ನಡೆದೀತು? ಹಿರಿಯರೇ ಬಂದು ಕೈಮುಗಿದರಂತೆ: ತಾಯಿ, ನನ್ನ ಹೆಸರನ್ನು ನಾನು ಈ ವಯಸ್ಸಿನಲ್ಲಿ ಬದಲಾಯಿಸಲಾರೆ. ಮರಿ ಅಂದಿನಿಂದ ‘ದುಬೈ’.

ದೇವರ ಹೆಸರನ್ನೂ ಆಡಿಗೆ ಇಡುವವರು ಕಡಿಮೆ. ಗಂಗೆ, ಗೌರಿ ಎಲ್ಲ ಕೊಟ್ಟಿಗೆಗೆ ಮೀಸಲು. ‘ಗೋವಿನ ಹಾಡಿ’ನಲ್ಲಿ ಗೊಲ್ಲ ಕಾಳಿಂಗ ತನ್ನ ಹಸುಗಳನ್ನು ನದಿಗಳ ಹೆಸರಿನಿಂದ ಕರೆಯುವುದು ಓದಿದವರಿಗೆಲ್ಲ ಗೊತ್ತು, ಅವುಗಳಲ್ಲಿ ಈ ಸೀಮೆಯ ತುಂಗಭದ್ರೆಯೂ ಉಂಟು, ತುಂಗೆ ಭದ್ರೆಯರು ಕೂಡುವ ಕೂಡಲಿ ಇಲ್ಲಿಗೆ ಹತ್ತಿರವೇ. ಹೆಸರಿಟ್ಟು ಕರೆಯುವ ಹಸು ವರ್ಷಕ್ಕೆ 258 ಲೀಟರ್ ಹೆಚ್ಚು ಹಾಲು ಕೊಡುತ್ತದೆ ಎಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿ, ಆ ವರ್ಷದ ಇಗ್ ನೊಬೆಲ್ ಎಂಬ ತಮಾಷೆಯ ಪ್ರಶಸ್ತಿಯನ್ನೂ ಗೆದ್ದರು. ಹೆಸರಿಡುವಷ್ಟು ಅಕ್ಕರೆಯವರು ಮೇವನ್ನೂ ಸರಿಯಾಗಿ ಹಾಕುತ್ತಾರೆ ಎಂಬುದೇ ಅದರ ಒಳಗುಟ್ಟು ಇರಬೇಕು. ಆಡಿನ ಬಗ್ಗೆ ಕಾಳಿಂಗನೂ ಹಾಡಲಿಲ್ಲ, ನ್ಯೂಕ್ಯಾಸಲ್ಲಿನವರೂ ಲೆಕ್ಕ ಹಾಕಲಿಲ್ಲ.

ಕಾಗದನಗರ ತಲುಪಿದಾಗ ಸಂಜೆ ಐದು. ಎಂಪಿಎಂ ನಿಂತು ವರ್ಷಗಳಾದವು. ಸಾಲು ಸಾಲು ಕ್ವಾರ್ಟರ್ಸುಗಳಲ್ಲಿ ಎಷ್ಟೋ ಖಾಲಿ. ಅಂಗಳದಲ್ಲಿ ಲಂಟಾನ, ಗೋಡೆಯ ಬಿರುಕಿನಲ್ಲಿ ಅರಳಿ ಸಸಿ. ಆಡುಗಳಿಗೆ ಇಷ್ಟು ದೊಡ್ಡ ಗೋಮಾಳ ಬೇರೆಲ್ಲೂ ಇಲ್ಲ. ಜನ ಹೋದ ಮನೆಗಳ ಜಗಲಿಯ ಮೇಲೆ ಅವು ಸಾಲಾಗಿ ಕೂತು ಮೆಲುಕು ಹಾಕುತ್ತಿದ್ದವು, ಕ್ವಾರ್ಟರ್ಸು ತಮಗೇ ಅಲಾಟ್ ಆದಂತೆ. ಅದರಲ್ಲೊಬ್ಬ ‘ಪಿಂಟು’. ಉತ್ತರದ ಕಡೆಯ ಹೆಸರಿನಂತಿದೆಯಲ್ಲ ಎಂದರೆ, ಪೂರ್ತಿ ಹೆಸರು ‘ನ್ಯೂಸ್‌ಪ್ರಿಂಟ್’ ಎಂದರು ಅದರ ಒಡತಿ. ಒಂದು ಕಾಲಕ್ಕೆ ಪತ್ರಿಕೆಗಳಿಗೆ ಇಲ್ಲಿಂದ ಕಾಗದ ಹೋಗುತ್ತಿತ್ತು. ಬೆಳಗ್ಗೆ ಪೇಪರ್ ಬಂದರೆ ಯಜಮಾನರಿಗಿಂತ ಮೊದಲು ಇವನೇ ಓದಿ ಮುಗಿಸುತ್ತಾನೆ, ಸಂಪಾದಕೀಯ ಪುಟ ಮಾತ್ರ ಬಿಡುತ್ತಾನೆ.

ಆ ಮನೆಯಲ್ಲಿ ಮೂರು ದಿನದ ಎರಡು ಮರಿಗಳಿದ್ದವು, ಒಂದು ಹೆಣ್ಣು, ಒಂದು ಗಂಡು. ಇಷ್ಟೆಲ್ಲ ಹೆಸರು ಕೇಳಿಕೊಂಡು ಬಂದಿದ್ದೀರಿ, ನೀವೇ ಒಂದು ಹೇಳಿ ಎಂದರು. ಸರಕು, ಬೆಟ್ಟೆ ಎಂದೆ. ನಮಗೆ ತೋಟವಿಲ್ಲ ಎಂದರು. ತುಂಗೆ, ಭದ್ರೆ? ದೇವರಂಥ ನದಿ, ಬೇಡ. ಡಾಲಿ? ಅದು ಸಿನಿಮಾದ ರೌಡಿ. ಮಗ್ಗುಲಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದ ಅವರ ಯಜಮಾನರು, ಎಂಪಿಎಂನಲ್ಲಿ ದುಡಿದು ಸ್ವಯಂ ನಿವೃತ್ತಿ ಪಡೆದವರು, ತಲೆ ಎತ್ತದೆ ಹೇಳಿದರು: “ಹೆಣ್ಣಿಗೆ ಪಿಎಫ್ ಅಂತಿಡು. ಗಂಡಿಗೆ ಗ್ರಾಚ್ಯುಟಿ.”

“ಗ್ರಾಚ್ಯುಟಿ ಅಂತ ಕೂಗೋದು ಹೆಂಗ್ರೀ?”

“ಗ್ರಾಚೂ ಅನ್ನು.”

“ಅಲ್ಲ, ಹೆಣ್ಣಿಗೆ ಯಾಕೆ ಪಿಎಫ್ಫು?”

“ಅದನ್ನ ಮುಟ್ಟಂಗಿಲ್ಲ, ಬೆಳೀತಾ ಇರ್ಲಿ. ಗ್ರಾಚ್ಯುಟಿ ಕೈಗೆ ಬಂದ ತಿಂಗಳಲ್ಲೇ ಖರ್ಚಾಗೋದು, ನಿಂಗೊತ್ತಲ್ಲ” ಎಂದು ಸಿಪ್ಪೆಯನ್ನು ಪಿಂಟುವಿನ ಕಡೆ ತಳ್ಳಿದರು.